ಒಂದೂವರೆ ಕಪ್ ಅಂದ್ರೆ ಯಾರ ಕಪ್?

ಮೆಲ್ಬೋರ್ನ್‌ನಲ್ಲಿರೋ ಅಕ್ಕ ರವೆ ಕೇಕ್ ಅಳತೆ ಬರೆದು ಕಳ್ಸಿದ್ಲು. ರವೆ, ಸಕ್ಕರೆ ಎಲ್ಲ ಗ್ರಾಂನಲ್ಲಿ, ಹಾಲು 375 ಎಂಎಲ್, ಮೊಸರು 250, ಎಣ್ಣೆ 125. ನನ್ ಹತ್ರ ತೂಕದ ಮಷಿನ್ ಇದೆ, ಎಂಎಲ್ ಗೆರೆ ಇರೋ ಜಗ್ ಇಲ್ಲ. ಫೋನ್ ಮಾಡಿ ಕೇಳಿದ್ರೆ "ಅಯ್ಯೋ ಅಷ್ಟೇನಾ, ಹಾಲು ಒಂದೂವರೆ ಕಪ್, ಮೊಸರು ಒಂದು, ಎಣ್ಣೆ ಅರ್ಧ ಹಾಕೇ" ಅಂದ್ಲು. ನಾನು ರೈಸ್ ಕುಕ್ಕರ್ ಜೊತೆ ಬಂದಿದ್ದ ಪ್ಲಾಸ್ಟಿಕ್ ಕಪ್‌ನಲ್ಲೇ ಅಳೆದು ಹಾಕ್ದೆ. ಕೇಕ್‌ಗೆ ಚಾಕು ಇಟ್ರೆ ಪುಡಿಪುಡಿ, ಬೆಳಿಗ್ಗೆ ಮಾಡಿದ ಉಪ್ಪಿಟ್ಟು ಸಂಜೆಗೆ ಆಗಿರುತ್ತಲ್ಲ ಹಂಗೆ. ನಮ್ಮನೆಯವ್ರು ಏನೂ ಮಾತಾಡ್ದೆ ಸ್ಪೂನ್ ತಗೊಂಡು ಬಂದ್ರು.

ಆಮೇಲೆ ತಲೆ ಓಡ್ತು. ಖಾಲಿ ಕಪ್ ಮಷಿನ್ ಮೇಲಿಟ್ಟು ಸೊನ್ನೆ ಮಾಡಿ ಅಂಚಿನ ತನಕ ನೀರು ತುಂಬ್ದೆ, 180 ಗ್ರಾಂ. ನೀರಾದ್ರೆ 1 ಗ್ರಾಂ ಅಂದ್ರೆ 1 ಎಂಎಲ್ ಅಲ್ವಾ, ಅಲ್ಲಿಗೆ ಆ ಕಪ್ 180 ಎಂಎಲ್‌ದು, ಅದು ಜಪಾನ್‌ನವರ ಅಕ್ಕಿ ಅಳತೆ ಅಂತೆ. ಅಕ್ಕನ ಊರಿನ ಕಪ್ 250. ಅಮೆರಿಕದ್ದು ಸುಮಾರು 237. ಅಂದ್ರೆ ಹಾಲೊಂದೇ 105 ಎಂಎಲ್ ಕಮ್ಮಿ, ಮೊಸರು ಎಣ್ಣೆನೂ ಸೇರಿಸಿದ್ರೆ 210! ಎಲ್ಲಾನೂ ಅದೇ ಕಪ್‌ನಲ್ಲಿ ಅಳೆದಿದ್ರೆ ಇಷ್ಟು ಕೆಡ್ತಿರ್ಲಿಲ್ಲ, ಅಮ್ಮ ಇಡ್ಲಿಗೆ ಅಕ್ಕಿ ಉದ್ದು ಎರಡೂ ಒಂದೇ ಪಾವಲ್ಲಿ ಅಳೀತಿದ್ರು, ಆ ಪಾವು ಎಷ್ಟು ಎಂಎಲ್ ಅಂತ ಯಾರು ಕೇಳಿದ್ರು. ನಾನು ಒಣಗಿದ್ದನ್ನ ತೂಕ ಮಾಡಿ, ನೀರಿನಂಥದ್ದನ್ನ ಕಪ್‌ನಲ್ಲಿ ಹಾಕಿದ್ದಕ್ಕೆ ಎಡವಟ್ಟಾಗಿದ್ದು.

ಈಗ ಸ್ಟೀಲ್ ಕಪ್ ಸೆಟ್ ತಗೊಂಡಿದೀನಿ, ಅದನ್ನೂ ನೀರು ತುಂಬಿ ತೂಗಿ 240 ಅಂತ ಖಾತ್ರಿ ಮಾಡ್ಕೊಂಡೆ. ಕಾಲು ಕಪ್ 60, ಮೂರನೇ ಒಂದು ಭಾಗ 80, ಅರ್ಧ 120, ಮುಕ್ಕಾಲು 180, ಇಷ್ಟನ್ನ ಚೀಟಿ ಬರೆದು ಫ್ರಿಡ್ಜ್‌ಗೆ ಅಂಟ್ಸಿದೀನಿ. ಮಿಕ್ಕಿದ್ದಕ್ಕೆ ಸ್ಪೂನ್, ಟೇಬಲ್ ಸ್ಪೂನ್ 15, ಟೀ ಸ್ಪೂನ್ 5. ಅಕ್ಕನ 375 ನನ್ನ ಸೆಟ್‌ನಲ್ಲಿ ಒಂದೂವರೆ ಕಪ್ ಮೇಲೆ ಒಂದು ಟೇಬಲ್ ಸ್ಪೂನ್, 250 ಅಂದ್ರೆ ಒಂದು ಕಪ್ ಮೇಲೆ ಎರಡು ಟೀ ಸ್ಪೂನ್, 125 ಅಂದ್ರೆ ಅರ್ಧ ಕಪ್ ಮೇಲೆ ಒಂದು ಟೀ ಸ್ಪೂನ್. ಮತ್ತೆ ಕಪ್ಪನ್ನ ಕೈಯಲ್ಲಿ ಎತ್ತಿ ಹಿಡ್ಕೊಂಡು ಅಳೀಬೇಡಿ, ಕಟ್ಟೆ ಮೇಲಿಟ್ಟು ಬಗ್ಗಿ ನೋಡಿ.

ಎಣ್ಣೆನೂ ಮಷಿನ್‌ನಲ್ಲೇ ತೂಗೋಣ ಅನ್ಸುತ್ತೆ, ಆದ್ರೆ ಎಣ್ಣೆ ನೀರಿಗಿಂತ ಹಗುರ, 125 ಎಂಎಲ್ ಎಣ್ಣೆ ಹತ್ರ ಹತ್ರ 115 ಗ್ರಾಂ ಅಷ್ಟೇ ಬರೋದು.

ಎರಡನೇ ಸಲ ಕೇಕ್ ಚೆನ್ನಾಗೇ ಬಂತು. ಅಕ್ಕಂಗೆ ಫೋಟೋ ಕಳಿಸಿ ಮಾತಾಡ್ತಾ ಇದ್ದಾಗ ಗೊತ್ತಾಯ್ತು, ಅವಳ ಟೇಬಲ್ ಸ್ಪೂನೂ 20 ಎಂಎಲ್ ಅಂತೆ, ಆಸ್ಟ್ರೇಲಿಯಾದಲ್ಲಿ ಹಂಗೇ ಅಂತೆ. ಹೇಳ್ಬಿಟ್ಟೆ, ಇನ್ಮೇಲೆ ಕಪ್ ಬೇಡ ಸ್ಪೂನ್ ಬೇಡ, ಬರೀ ಎಂಎಲ್ ಕಳ್ಸೇ ಮಾರಾಯ್ತಿ ಅಂತ.