ಜಂಪರ್ ಬಿಟ್ಟು ಜೀನ್ಸ್ ಜೇಬು ಕಲಿಸಿದ್ದು: ನನ್ನ ಅನುಭವ

ಮಹಿಳಾ ಸಂಘಗಳ ಜೊತೆ ಕೆಲ್ಸ ಮಾಡೋರಿಗೆ ಗೊತ್ತಿರೋದೇ, ಮೂರು ತಿಂಗ್ಳು ಟೇಲರಿಂಗ್ ಕ್ಲಾಸು, ಸರ್ಟಿಫಿಕೇಟು, ಗ್ರೂಪ್ ಫೋಟೋ, ಆಮೇಲೆ ಮಷೀನ್ ಮೇಲೆ ಬಟ್ಟೆ ಮಡಚಿಡ್ತಾರೆ ಅಷ್ಟೇ. ಕುರುಗೋಡು ಕಡೆ ಒಂದೇ ಊರಾಗೆ ಮೂವತ್ತು ನಲವತ್ತು ಹೆಣ್ಮಕ್ಳು ಜಂಪರ್ ಹೊಲಿಯೋದು ಕಲ್ತಿದ್ರು, ಹೊಲಿಸಿಕೊಳ್ಳೋರು ಯಾರ್ರೀ ಮತ್ತೆ?

ಅತ್ಲಾಗೆ ಬಳ್ಳಾರಿ ಜೀನ್ಸ್ ಯೂನಿಟ್‌ನೋರು ಜನ ಸಿಗಲ್ಲ ಅಂತಿದ್ರು. ಅವ್ರಿಗೆ ಪೂರ್ತಿ ಪ್ಯಾಂಟ್ ಹೊಲಿಯೋರು ಬೇಕಿಲ್ಲ, ಒಬ್ರು ಜೇಬಿನ ಬಾಯಿ ಮಡಚಬೇಕು, ಒಬ್ರು ಜೇಬು ಕೂಡಿಸ್ಬೇಕು, ಒಬ್ರು ಜಿಪ್. ಅದಕ್ಕೆ ನಾನು ಒಬ್ಬೊಬ್ರಿಗೆ ಒಂದೇ ಆಪರೇಷನ್, ಅಂದ್ರೆ ಒಂದೇ ಭಾಗದ ಹೊಲಿಗೆ, ಕಲಿಸ್ದೆ. "ಅರ್ಧಂಬರ್ಧ ಕಲಿಸಿ ಹೊಟ್ಟೆ ತುಂಬುತ್ತೇನಮ್ಮಾ" ಅಂತ ಮೀಟಿಂಗ್‌ನಾಗೇ ನಕ್ಕಿದ್ರು.

ಮೊದಲ್ನೇ ವರ್ಷ ದುಡ್ಡು ಹೋಯ್ತು. ಸಂಕ್ರಾಂತಿ ಆದ್ಮೇಲೆ ಮೆಣಸಿನಕಾಯಿ ಬಿಡಿಸೋಕೆ ಎಲ್ರೂ ಹೊಲಕ್ಕೆ, ಕ್ಲಾಸ್ ಖಾಲಿ. ಕೂಲಿ ದಿನಾ ಕೈಗೆ ಬರ್ತೈತೆ, ಯಾರು ಬಿಡ್ತಾರೆ ಹೇಳಿ. ಈಗ ಏಪ್ರಿಲ್ ಮೇ ತಿಂಗಳಾಗೆ ಮಾತ್ರ ಹೊಸಬರನ್ನ ತಗೋತೀನಿ, ಕಾಲುವೆ ನೀರು ನಿಂತಿರ್ತೈತೆ, ಹೊಲದಾಗೆ ಕೆಲ್ಸ ಇರಲ್ಲ, ಇಲ್ಲಾಂದ್ರೆ ಬೆಂಗಳೂರಿಗೆ ಗುಳೆ ಹೋಗೋರೇ ಅವ್ರು. ಬಿಸ್ಲಿಗೆ ಬೆಳಗ್ಗೆ ಆರರಿಂದ ಹನ್ನೊಂದು ಅಷ್ಟೇ.

ಸೆಕೆಂಡ್‌ಹ್ಯಾಂಡ್ ಜೂಕಿ ಕಂಪ್ನಿ ಹೊಲಿಗೆ ಮಷೀನು ಒಂದೊಂದು ಹದಿನೈದೋ ಹದಿನಾರೋ ಸಾವಿರ ಬಿತ್ತು. ಕ್ಲಚ್ ಮೋಟ್ರು ಪೆಡಲ್ ತುಳೀದಿದ್ರೂ ತಿರುಗ್ತಾನೇ ಇರ್ತೈತೆ, ಕರೆಂಟ್ ಬಿಲ್ ನೋಡಿ ತಲೆ ಕೆಡ್ತು, ಎಲ್ಲಾ ಕಿತ್ತು ತುಳಿದಾಗ ಮಾತ್ರ ತಿರುಗೋ ಸರ್ವೋ ಮೋಟ್ರು ಹಾಕಿಸ್ದೆ. ಆಮೇಲೆ ಯೂನಿಟ್‌ನಿಂದ ಹೊಲಿಗೆ ಕೆಲ್ಸ ತಂದ್ಕೊಡೋ ಒಬ್ಬ ಜಾಬ್‌ವರ್ಕ್ ಸಾಹುಕಾರ ನಮ್ಮ ಕೂಲಿ ಸುಮಾರು ನಲವತ್ತು ಸಾವಿರ ಇವತ್ತು ನಾಳೆ ಅಂದು ಮುಳುಗಿಸ್ದ. ಈಗ ಹಿಂದಿನ ಬಂಡಲ್ (ಹೊಲಿಯೋಕೆ ಕತ್ತರಿಸಿ ಕೊಡೋ ಬಟ್ಟೆ ಕಟ್ಟು) ದುಡ್ಡು ಬರದೆ ಮುಂದಿನ ಬಂಡಲ್ ಮುಟ್ಟಲ್ಲ. 2023ರ ಜೂನ್‌ಗೆ ಶಕ್ತಿ ಯೋಜನೆ ಬಂದು ಬಸ್ ಚಾರ್ಜ್ ಇಲ್ದಂಗಾದ್ಮೇಲೆ ಹೆಣ್ಮಕ್ಳೇ ಯೂನಿಟ್‌ಗೆ ಹೋಗಿ ರೇಟ್ ಕೇಳ್ಕೊಂಡು ಬರ್ತಾರೆ, ಮಧ್ಯದೋನ ಆಟ ನಡೆಯಲ್ಲ. ಟ್ರೈನಿಂಗ್‌ಗಿಂತ ಇದೇ ಜಾಸ್ತಿ ಕೆಲ್ಸ ಮಾಡ್ತು ಅಂತ ನನ್ನ ಲೆಕ್ಕ.

ಜೇಬಿನ ಮೂಲೆಯಾಗೆ ಬಟ್ಟೆ ನಾಲ್ಕೈದು ಪದರ ಆಗಿ 18 ನಂಬರ್ ದಪ್ಪ ಸೂಜೀನೂ ಪಟ್ ಅಂತ ಮುರೀತಿತ್ತು. ಮಡಿಕೆ ತೆಳ್ಳಗಾಗ್ಲಿ ಅಂತ ಸುತ್ತಿಗೇಲಿ ಬಡಿಯೋದು ಎಲ್ರಿಗೂ ಗೊತ್ತು, ನಾವು ಅದಕ್ಕೂ ಮುಂಚೆ ಒಂದು ಮಾಡ್ತೀವಿ, ಅದು ಮಾತ್ರ ಇಲ್ಲಿ ಬರೆಯಲ್ಲ. ನಮ್ಮ ಬಂಡಲ್ ವಾಪಸ್ ಬರೋದು ತೀರಾ ಕಮ್ಮಿ, ಬೇಕಾದ್ರೆ ಯೂನಿಟ್‌ನೋರನ್ನೇ ಕೇಳಿ.

ನಡುವೆ ಕಟಿಂಗ್ ಚಿಂದಿಯಿಂದ ಬ್ಯಾಗ್ ಮಾಡಿಸಿ ಹಂಪಿಯಾಗೆ ಮಾರೋಕೆ ಇಟ್ವಿ. ಜೀನ್ಸ್ ವಾಷಿಂಗ್‌ಗೆ ಹೋಗೋದು ಹೊಲಿದಾದ್ಮೇಲೆ, ಚಿಂದಿ ವಾಷ್ ಆಗದ ಬಟ್ಟೆ, ಬಣ್ಣ ಬಿಟ್ಟು ಯಾರದೋ ಬಿಳಿ ಅಂಗಿ ನೀಲಿ ಆಯ್ತು. ಚಿಂದಿ ಒಗೆದು ಹೊಲಿದ್ರೆ ಖರ್ಚೇ ಗಿಟ್ಟಲ್ಲ, ಬಿಟ್ಬಿಟ್ವಿ.

ಕೈ ಕುದುರಿದೋರು ಈಗ ತಿಂಗ್ಳಿಗೆ ಏಳೆಂಟು ಸಾವಿರ ದುಡೀತಾರೆ, ಗೃಹಲಕ್ಷ್ಮಿ ಎರಡು ಸಾವಿರ ಬೇರೆ. ಅದೇ ಎರಡು ಸಾವಿರ ಕೂಡಿಟ್ಟು ಇಬ್ರು ಸ್ವಂತ ಮಷೀನ್ ತಗೊಂಡ್ರು. ಅವತ್ತು ನಕ್ಕೋರು ಈಗ ಬೇರೆ ಊರಿನೋರನ್ನ ಕರ್ಕೊಂಡು ಬಂದು ತೋರಿಸ್ತಾರೆ. ಸದ್ಯ ಒತ್ತೊತ್ತಾಗಿ ಗಟ್ಟಿ ಹೊಲಿಗೆ ಹಾಕೋ ಬಾರ್‌ಟ್ಯಾಕ್ ಮಷೀನ್ ವಿಷ್ಯಕ್ಕೆ ಸಂಘದಾಗೆ ಜಗಳ, ಅದಿದ್ರೆ ಬೆಲ್ಟ್ ಲೂಪ್ ಕೆಲ್ಸಾನೂ ಹಿಡೀಬೋದು, ಹಳೇದೇ ಲಕ್ಷದ ಹತ್ರ ಹೇಳ್ತಾರೆ, ಜಿಪ್‌ನೋರು ತಗೊಳ್ಳೋಣ ಅಂತಾರೆ, ಜೇಬಿನೋರು ನಮಗ್ಯಾಕೆ ಸಾಲ ಅಂತಾರೆ.