ಮಗುವಿನ ಆಪರೇಶನ್‌ಗೆ ಹಣ ಕೂಡಿಸುವುದು ಹೇಗೆ?

ಮಗುವಿನ ಹೃದಯದಲ್ಲಿ ತೂತಿದೆ ಎಂದು ಗೊತ್ತಾದ ಸಂಜೆಯೇ ಫೋಟೊ, ಕ್ಯೂಆರ್ ಕೋಡ್ ಸೇರಿಸಿ ವಾಟ್ಸಾಪಿಗೆ ಹಾಕಿಬಿಡೋಣ ಅನ್ನಿಸುತ್ತದೆ. ಸ್ವಲ್ಪ ತಡೆಯಿರಿ. ಆಪರೇಶನ್ ಎಷ್ಟು ದಿನದೊಳಗೆ ಆಗಬೇಕು ಎಂದು ಮೊದಲು ಡಾಕ್ಟರನ್ನು ಕೇಳಿ. ಸಣ್ಣ ತೂತು ಎಷ್ಟೋ ಮಕ್ಕಳಲ್ಲಿ ತಾನಾಗೇ ಮುಚ್ಚಿಕೊಳ್ಳುತ್ತದೆ.

ಆಪರೇಶನ್ ಬೇಕೇ ಬೇಕು ಅಂದರೆ, ಜನರ ಹತ್ತಿರ ಹೋಗುವ ಮೊದಲು ರೇಷನ್ ಕಾರ್ಡು, ಆಧಾರ್ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋಗಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗಾದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದಲ್ಲಿ ಶೇ 30ರಷ್ಟನ್ನು ಯೋಜನೆ ಕೊಡುತ್ತದೆ. ಅಂಗನವಾಡಿ, ಸರ್ಕಾರಿ ಶಾಲೆಯ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 18 ವರ್ಷದವರೆಗೂ ಇದೆ, ಅಲ್ಲೂ ಕೇಳಿ. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ವಿಚಾರಿಸಿ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲಿ ಹೃದಯದ ಆಪರೇಶನ್ ಉಚಿತ. ಖಾಸಗಿಯಲ್ಲಿ ದುಡ್ಡು ಕಟ್ಟಿ ಆಮೇಲೆ ಯೋಜನೆ ಕೇಳಿದರೆ ವಾಪಸ್ ಬರುವುದು ಕಷ್ಟ. ಸಾಲ ಮಾಡಿ ಕಟ್ಟಿದ ಮೇಲೆ ಇದು ತಿಳಿದ ತಂದೆತಾಯಿಯನ್ನು ನಾನು ಕಂಡಿದ್ದೇನೆ.

ಇನ್ನೂ ಹಣ ಸಾಲದು ಅಂದಾಗ ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ ಸೀಲು, ಸಹಿ ಇರುವ ಎಸ್ಟಿಮೇಟ್ ಬರೆಸಿಕೊಳ್ಳಿ. ಯೋಜನೆಯ ಹಣ ಕಳೆದು ಉಳಿದದ್ದನ್ನಷ್ಟೇ ಕೇಳಿ. ಆನ್‌ಲೈನಿನಲ್ಲಿ ಜನರಿಂದ ಹಣ ಕೂಡಿಸುವ ಮಿಲಾಪ್, ಕೆಟ್ಟೋ ತರಹದ ತಾಣಗಳಲ್ಲಿ ಹಾಕುವ ಮುನ್ನ ಶುಲ್ಕ ಎಷ್ಟು, ಹಣ ಎಷ್ಟು ದಿನಕ್ಕೆ ಕೈಗೆ ಬರುತ್ತದೆ ಎಂದು ಕೇಳಿಕೊಳ್ಳಿ. ಹಣ ನೇರವಾಗಿ ಆಸ್ಪತ್ರೆಯ ಖಾತೆಗೇ ಹೋದರೆ ಕೊಡುವವರಿಗೂ ಧೈರ್ಯ, ನಿಮಗೂ ನೆಮ್ಮದಿ.

ಬರೆಯುವಾಗ ‘ಬಡ ಕಂದಮ್ಮ, ಕರುಣೆ ತೋರಿ’ ಎನ್ನಬೇಡಿ. ಮನೆಯಲ್ಲಿ ಕಂಡದ್ದನ್ನೇ ಬರೆಯಿರಿ: ‘ಹಾಲು ಕುಡಿಯುವಾಗ ನಾಲ್ಕು ಗುಟುಕಿಗೆ ನಿಲ್ಲಿಸಿ ಏದುಸಿರು ಬಿಡುತ್ತಾಳೆ. ಫ್ಯಾನ್ ಕೆಳಗಿದ್ದರೂ ಹಣೆ ಬೆವರುತ್ತದೆ.’ ಇಷ್ಟು ಸಾಕು. ಟ್ಯೂಬು ಹಾಕಿ ಅಳುತ್ತಿರುವ ಫೋಟೊ ಬೇಡವೇ ಬೇಡ. ನಾಳೆ ಆ ಮಗು ಶಾಲೆಗೆ ಹೋಗುತ್ತದೆ, ಅಲ್ವಾ? ಆ ಚಿತ್ರ ಆಗಲೂ ಯಾರದೋ ಫೋನಿನಲ್ಲಿರುತ್ತದೆ.

ಮೊದಲು ನಿಮ್ಮನ್ನು ಬಲ್ಲ ಇಪ್ಪತ್ತು ಜನರಿಗೆ ಫೋನ್ ಮಾಡಿ, ಸುಮ್ನೆ ಫಾರ್ವರ್ಡ್ ಮಾಡಬೇಡಿ. ಅವರು ಕೊಟ್ಟಿದ್ದು ಕಂಡರೆ ಗುರುತಿಲ್ಲದವರೂ ನಂಬುತ್ತಾರೆ. ಪೋಸ್ಟರಿನ ಮೇಲೆ ತಾರೀಖು ಹಾಕಿ. ಹುಷಾರಾದ ಮಗುವಿನ ಹಳೇ ಪೋಸ್ಟರಿಗೆ ಬೇರೆ ಯಾರೋ ತಮ್ಮ ಕ್ಯೂಆರ್ ಕೋಡ್ ಅಂಟಿಸಿಕೊಳ್ಳುವ ಮೋಸವೂ ಇದೆ.

ವಾರಕ್ಕೊಮ್ಮೆ ಬಿಲ್ಲು ಹಾಕಿ, ಲೆಕ್ಕ ತೋರಿಸಿ. ಬೇಕಾದಷ್ಟು ಬಂದ ದಿನವೇ ಲಿಂಕ್ ಮುಚ್ಚಿಸಿ, ಅದೇ ಗುಂಪುಗಳಿಗೆ ಹೀಗೆ ಬರೆಯಿರಿ: ‘ಹಣ ಸಾಕಾಯಿತು, ಇನ್ನು ಕಳಿಸಬೇಡಿ. ಮಂಗಳವಾರ ಆಪರೇಶನ್.’