ಅಂಗಡಿಯ ಬೆಲೆಯನ್ನೂ ಆನ್‌ಲೈನ್ ಬೆಲೆಯನ್ನೂ ಹೋಲಿಸುವ ಕ್ರಮ

ಸಿನಿಮಾ ಡಿಸ್ಕ್ ಅಥವಾ ವಿಡಿಯೊ ಗೇಮ್ ಕೊಳ್ಳುವವರು ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಅಂಗಡಿಯಲ್ಲಿ ಹೇಳಿದ ಬೆಲೆಯನ್ನು ಮೊಬೈಲಿನಲ್ಲಿ ಕಾಣುವ ಬೆಲೆಯೊಡನೆ ಹೋಲಿಸುವ ಮುನ್ನ, ಎರಡೂ ಒಂದೇ ಸರಕು ಹೌದೋ ಅಲ್ಲವೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಡಿವಿಡಿಗಳಿಗೆ ಅವು ಯಾವ ದೇಶಗಳ ಪ್ಲೇಯರಿನಲ್ಲಿ ಓಡುತ್ತವೆಂದು ಸೂಚಿಸುವ ಪ್ರದೇಶ ಸಂಕೇತವಿದ್ದು, ಭಾರತ 5ನೆಯ ಪ್ರದೇಶಕ್ಕೆ ಸೇರುತ್ತದೆ. ಬ್ಲೂ-ರೇ ಎಂಬ ಇನ್ನೊಂದು ಬಗೆಯ ಡಿಸ್ಕಿನಲ್ಲಿ ನಮ್ಮದು ಸಿ ವಲಯ. ವಿದೇಶದಿಂದ ಅಗ್ಗವಾಗಿ ತರಿಸಿದ ಡಿಸ್ಕ್ ಮನೆಯ ಪ್ಲೇಯರಿನಲ್ಲಿ ಓಡದಿದ್ದರೆ ಆ ಉಳಿತಾಯಕ್ಕೆ ಅರ್ಥವಿಲ್ಲ.

ಪೊಟ್ಟಣದ ಮೇಲಿನ ಎಂಆರ್‌ಪಿ ಎಲ್ಲ ತೆರಿಗೆಗಳನ್ನೂ ಒಳಗೊಂಡಿರುವುದರಿಂದ ಅಂಗಡಿಯವರು ಅದರ ಮೇಲೆ ಜಿಎಸ್‌ಟಿ ಸೇರಿಸುವಂತಿಲ್ಲ. ಆನ್‌ಲೈನಿನಲ್ಲಾದರೆ ಸಾಗಣೆ ಶುಲ್ಕವೂ ಇತರ ಶುಲ್ಕಗಳೂ ಸೇರಿ ಹಣ ಪಾವತಿಸುವ ಪುಟದಲ್ಲಿ ಕಾಣುವ ಒಟ್ಟು ಮೊತ್ತವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರರು ಈ ಮೊತ್ತವನ್ನು ಬಿಡಿಬಿಡಿಯಾಗಿ ತೋರಿಸಬೇಕು. ಶೇಕಡಾವಾರು ರಿಯಾಯಿತಿಯ ದೊಡ್ಡ ಅಕ್ಷರಗಳನ್ನು ನಾನಂತೂ ಓದುವುದೇ ಇಲ್ಲ.

ಡೌನ್‌ಲೋಡ್ ಮಾಡಿಕೊಳ್ಳುವ ಆಟದ ಬೆಲೆ ಡಿಸ್ಕಿಗಿಂತ ಕಡಿಮೆಯಿದ್ದರೂ ಹೋಲಿಕೆ ಅಲ್ಲಿಗೇ ಮುಗಿಯುವುದಿಲ್ಲ, ಏಕೆಂದರೆ ಅಲ್ಲಿ ಸಾಮಾನ್ಯವಾಗಿ ಸಿಗುವುದು ಬಳಕೆಯ ಪರವಾನಗಿ ಮಾತ್ರ. ಅದನ್ನು ಮತ್ತೊಬ್ಬರಿಗೆ ಮಾರಲಾಗದು. ಡಿಸ್ಕನ್ನು ಆಡಿ ಮುಗಿಸಿದ ಮೇಲೆ ಮಾರಬಹುದು. ಆದ್ದರಿಂದ ಹಳೆಯ ಡಿಸ್ಕನ್ನು ಮರಳಿ ಕೊಳ್ಳುವ ಅಂಗಡಿಯಿದ್ದರೆ ಎಷ್ಟು ಕೊಡುವರೆಂದು ಮೊದಲೇ ಕೇಳಿ, ಆ ಮೊತ್ತವನ್ನು ಕಳೆದು ನೋಡಬೇಕು. ಎಲ್ಲಿಯೇ ಕೊಂಡರೂ ರಸೀದಿ ಪಡೆಯಿರಿ. ತಕರಾರು ಬಂದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವಾಗ ಅದು ಕೈಯಲ್ಲಿರಲಿ.